7 + 5 = □ + 4: ಚೌಕದಲ್ಲಿ ಏನು ಬರೆಯಬೇಕು?

ಎರಡನೇ ಅಥವಾ ಮೂರನೇ ಕ್ಲಾಸಿನ ಮಗುವಿಗೆ ಈ ಲೆಕ್ಕ ಕೊಟ್ಟು ನೋಡಿ. ತುಂಬಾ ಮಕ್ಕಳು 12 ಬರೆಯುತ್ತಾರೆ. ಕೆಲವರು ಎಲ್ಲವನ್ನೂ ಕೂಡಿ 16 ಅನ್ನುತ್ತಾರೆ. ಬರಬೇಕಾದ್ದು 8.

ಮಗುವಿಗೆ ಕೂಡುವುದು ಚೆನ್ನಾಗಿಯೇ ಬರುತ್ತದೆ. ಆದರೆ ‘=’ ಕಂಡರೆ ‘ಇನ್ನು ಉತ್ತರ ಬರೆ’ ಎಂದು ಅದು ತಿಳಿದುಕೊಂಡಿದೆ. ‘ಏಳಕ್ಕೆ ಐದು ಕೂಡಿದರೆ ಎಷ್ಟು ಬಂತು?’ ಎಂದು ಕೇಳಿ ಕೇಳಿ ಹಾಗೆ ಕಲಿಸಿದವರು ನಾವೇ ಅಲ್ವಾ?

ಮೊದಲು ಓದುವ ರೀತಿ ಬದಲಿಸಿ. ‘ಈಸ್ ಈಕ್ವಲ್ ಟು’ ಎಂದು ಸುಮ್ನೆ ಬಾಯಿಪಾಠ ಮಾಡಿಸಬೇಡಿ. ‘ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ’ ಎಂದು ಓದಿಸಿ. 1557ರಲ್ಲಿ ಈ ಗುರುತನ್ನು ಬಳಕೆಗೆ ತಂದ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಜೋಡಿ ಗೆರೆ ಆರಿಸಿದ್ದೂ ಅದಕ್ಕೇ. ಅವುಗಳಷ್ಟು ಸಮವಾದದ್ದು ಬೇರೆ ಇಲ್ಲ ಎಂದು ಅವರು ಬರೆದರು.

ಆಮೇಲೆ ಎರಡು ತಟ್ಟೆ, ಒಂದು ಹಿಡಿ ಹುಣಸೆ ಬೀಜ ತನ್ನಿ. ಎಡಗಡೆ ತಟ್ಟೆಯಲ್ಲಿ 7 ಬೀಜದ ಗುಂಪು, ಪಕ್ಕದಲ್ಲಿ 5ರ ಗುಂಪು. ಬಲಗಡೆ ಬರೀ 4. ‘ಎರಡೂ ತಟ್ಟೆ ಸಮ ಆಗಬೇಕಾದರೆ ಇಲ್ಲಿಗೆ ಇನ್ನೆಷ್ಟು ಬೇಕು?’ ಎಂದು ಕೇಳಿ, ಸುಮ್ಮನಿರಿ. ಮಗು ಒಂದೊಂದೇ ಹಾಕುತ್ತಾ, ಎಣಿಸುತ್ತಾ 8ಕ್ಕೆ ಬಂದು ನಿಲ್ಲುತ್ತದೆ.

ನನಗೆ ಜಾಸ್ತಿ ಇಷ್ಟ ಇದರ ಮುಂದಿನ ಹೆಜ್ಜೆ. ಎಡಗಡೆಯ 5ರ ಗುಂಪಿನಿಂದ ಒಂದೇ ಒಂದು ಬೀಜವನ್ನು ಬೆರಳಿನಿಂದ 7ರ ಗುಂಪಿಗೆ ಸರಿಸಿ. ಈಗ ಅಲ್ಲಿ 8 ಮತ್ತು 4. ನನ್ನ ಮಗಳು ಇದನ್ನು ನೋಡಿ, ‘ಹಾಗಾದರೆ ಎಣಿಸೋದೇ ಬೇಡ!’ ಎಂದಳು. ಇಲ್ಲಿ 5ಕ್ಕಿಂತ 4 ಒಂದು ಕಡಿಮೆ, ಹಾಗಾಗಿ ಚೌಕದಲ್ಲಿ 7ಕ್ಕಿಂತ ಒಂದು ಜಾಸ್ತಿ. ಮುಂದೆ ಬೀಜಗಣಿತದಲ್ಲಿ ಈ ಚೌಕದ ಜಾಗಕ್ಕೇ ‘ಎಕ್ಸ್’ ಬರುತ್ತದೆ.

ಬಳಿಕ ಸರಿಯೋ ತಪ್ಪೋ ಕೇಳಿ: 9 = 4 + 5. 6 = 6. 5 + 3 = 8 + 1. ಮೊದಲನೆಯದು ‘ಉಲ್ಟಾ’ ಆಗಿದೆ ಎಂದು ಮಕ್ಕಳು ತಕರಾರು ಮಾಡುತ್ತಾರೆ. ತಟ್ಟೆಗಳ ಜಾಗ ಅದಲುಬದಲು ಮಾಡಿ ತೋರಿಸಿ, ಸಾಕು. ತಪ್ಪಿರುವುದು ಕೊನೆಯದು ಮಾತ್ರ.

ಮಾತಿನ ಲೆಕ್ಕವನ್ನು ನಡೆದ ಕ್ರಮದಲ್ಲೇ ಬರೆಸಿ. ಬುಟ್ಟಿಯಲ್ಲಿ ಒಂದಷ್ಟು ಮಾವಿನಹಣ್ಣಿದ್ದವು, 3 ತಿಂದೆವು, 6 ಉಳಿದವು: □ − 3 = 6.

ದೊಡ್ಡವರು ಅವಸರದಲ್ಲಿ 5 + 3 = 8 + 2 = 10 ಎಂದು ಒಂದೇ ಉಸಿರಿಗೆ ಬರೆದುಬಿಡುತ್ತೇವೆ. 5 + 3 ಎಂದಿಗೂ 10 ಆಗದು. ಮಗುವಿನ ಎದುರು ಇದನ್ನು ಎರಡು ಸಾಲಿನಲ್ಲೇ ಬರೆಯಿರಿ. ಮೊದಲು 5 + 3 = 8. ಅದರ ಕೆಳಗೆ 8 + 2 = 10.