ವರ್ಡ್‌ಪ್ರೆಸ್ ಅಪ್‌ಡೇಟ್ ಒತ್ತೋಕೆ ಭಯಾನಾ? ಹೀಗೆ ಮಾಡಿ ನೋಡಿ

ವರ್ಡ್‌ಪ್ರೆಸ್ ಅಂದ್ರೆ ವೆಬ್‌ಸೈಟ್ ನಡೆಸೋ ಸಾಫ್ಟ್‌ವೇರ್. ಅದರ ಡ್ಯಾಶ್‌ಬೋರ್ಡ್ ತೆಗೆದ್ರೆ ಪ್ಲಗಿನ್ಸ್ (ಸೈಟಿಗೆ ಹೊಸ ಸೌಲಭ್ಯ ಸೇರಿಸೋ ತುಣುಕುಗಳು) ಪಕ್ಕ ಬಾಕಿ ಇರೋ ಅಪ್‌ಡೇಟ್‌ಗಳ ಲೆಕ್ಕ ಗುಂಡಗೆ 14 ಅಂತ ಕಾಣತ್ತೆ, ನಾಳೆ ಮಾಡೋಣ ಅಂತ ಮುಚ್ತೀವಿ, ನಾಳೆ ನೋಡಿದ್ರೆ 15. ನಾನೂ ನಮ್ಮೂರಿನ ಸಂಘದ ಸೈಟ್‌ನ ಹೀಗೇ ತಿಂಗಳುಗಟ್ಟಲೆ ಬಿಟ್ಟು, ಒಂದು ರಾತ್ರಿ ಎಲ್ಲಾನೂ ಟಿಕ್ ಮಾಡಿ ಒಟ್ಟಿಗೆ ಒತ್ತಿದೆ. ಪೇಜ್ ಪೂರ್ತಿ ಬೆಳ್ಳಗೆ! ಅಷ್ಟು ಪ್ಲಗಿನ್‌ಗಳಲ್ಲಿ ಕೈಕೊಟ್ಟಿದ್ದು ಯಾವ್ದು ಅಂತ ಹುಡುಕೋದ್ರಲ್ಲೇ ಬೆಳಗಾಯ್ತು.

ಮೊದಲು ಬ್ಯಾಕಪ್. ಇಲ್ಲೇ ತುಂಬಾ ಜನ ಎಡವೋದು, ಫೋಟೋ ಇರೋ ಫೋಲ್ಡರ್ ಕಾಪಿ ಮಾಡ್ಕೊಂಡು ಆಯ್ತು ಅಂತಾರೆ, ಆದ್ರೆ ನೀವು ಬರೆದಿದ್ದು, ಕಾಮೆಂಟು, ಸೆಟ್ಟಿಂಗ್ಸು ಎಲ್ಲಾ ಇರೋದು ಡೇಟಾಬೇಸ್‌ನಲ್ಲಿ. ಫೋಟೋ, ಥೀಮ್ (ಸೈಟಿನ ನೋಟ, ವಿನ್ಯಾಸ), ಪ್ಲಗಿನ್ ಇರೋದು ಡಬ್ಲ್ಯೂಪಿ-ಕಂಟೆಂಟ್ (wp-content) ಫೋಲ್ಡರ್‌ನಲ್ಲಿ. ಎರಡೂ ಬೇಕು, ಅದೂ ಅದೇ ಸರ್ವರ್‌ನಲ್ಲಲ್ಲ, ಬೇರೆ ಕಡೆ.

ಆಮೇಲೆ ವರ್ಡ್‌ಪ್ರೆಸ್‌ನ ವರ್ಶನ್ ನಂಬರ್ ನೋಡಿ. 6.5.2 ಹೋಗಿ 6.5.3 ಬಂದ್ರೆ ಅದು ಬಗ್ ರಿಪೇರಿ, ಸೆಕ್ಯೂರಿಟಿ ಇಂಥದ್ದು, 2013ರ 3.7ರಿಂದ ಇವು ತಾನಾಗೇ ಹಾಕ್ಕೊಳ್ತವೆ, ಅದನ್ನ ಆಫ್ ಮಾಡೋಕೆ ಹೋಗ್ಬೇಡಿ. 6.5 ಹೋಗಿ 6.6 ಬಂದ್ರೆ ದೊಡ್ಡ ಬದಲಾವಣೆ, ನಾನಂತೂ ಒಂದು ವಾರ ಕಾಯ್ತೀನಿ, ಅಷ್ಟರಲ್ಲಿ ಪ್ಲಗಿನ್‌ನೋರೂ ಹೊಂದಿಸ್ಕೊಂಡಿರ್ತಾರೆ.

ಈಗ ಪ್ಲಗಿನ್‌ಗಳು. ಒಂದೊಂದೇ. ಒಂದು ಆದ್ಮೇಲೆ ಕ್ಯಾಶ್ (ಉಳಿಸಿಟ್ಟಿರೋ ಹಳೇ ಪೇಜಿನ ಕಾಪಿ) ಕ್ಲಿಯರ್ ಮಾಡಿ, ಬ್ರೌಸರ್‌ನ ಇನ್‌ಕಾಗ್ನಿಟೋದಲ್ಲಿ ಸೈಟ್ ತೆಗೆದು, ಕಾಂಟ್ಯಾಕ್ಟ್ ಫಾರ್ಮ್ ತುಂಬಿ ಕಳಿಸಿ, ಮೇಲ್ ಬಂತಾ ನೋಡಿ, ಮೊಬೈಲಲ್ಲಿ ಮೆನು ತೆಗೀರಿ. ಬೋರು ಹೊಡಿಯತ್ತೆ ನಿಜ, ಆದ್ರೆ ಕೆಟ್ರೆ ಯಾವುದರಿಂದ ಕೆಡ್ತು ಅಂತ ಆ ಕ್ಷಣಕ್ಕೇ ಗೊತ್ತಾಗತ್ತೆ. 2024ರ 6.6ರಿಂದ ಆಟೋ ಅಪ್‌ಡೇಟ್ ಆದ ಪ್ಲಗಿನ್ ಸೈಟನ್ನೇ ಬೀಳಿಸಿದ್ರೆ ಹಳೇ ವರ್ಶನ್ನಿಗೆ ತಾನೇ ವಾಪಸ್ ಹೋಗತ್ತೆ, ಆದ್ರೆ ಫಾರ್ಮ್‌ನಿಂದ ಮೇಲ್ ಹೋಗ್ತಿಲ್ಲ ಅನ್ನೋದು ಅದಕ್ಕೆ ಗೊತ್ತಾಗಲ್ಲ, ನೀವೇ ನೋಡ್ಬೇಕು.

ಸೈಟ್ ಬಿದ್ದೇಬಿಡ್ತಾ? 2019ರ 5.2ರಿಂದ ಅಡ್ಮಿನ್ ಮೇಲ್‌ಗೆ ರಿಕವರಿ ಮೋಡ್ ಲಿಂಕ್ ಬರತ್ತೆ, ಅದರಲ್ಲಿ ಒಳಗೆ ಹೋಗಿ ತೊಂದ್ರೆ ಕೊಟ್ಟ ಪ್ಲಗಿನ್ ಆಫ್ ಮಾಡ್ಬಹುದು. ಸೆಟ್ಟಿಂಗ್ಸ್‌ನಲ್ಲಿ ಆ ಮೇಲ್ ಐಡಿ ಯಾರದ್ದು ಅಂತ ಇವತ್ತೇ ನೋಡ್ಕೊಳ್ಳಿ, ನಮ್ಮಲ್ಲಿ ಅದು ಯಾವಾಗ್ಲೋ ಕೆಲಸ ಬಿಟ್ಟು ಹೋದ ಹುಡುಗನದ್ದಾಗಿತ್ತು! ಮೇಲ್ ಸಿಗದಿದ್ರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ಗೆ ಹೋಗಿ ಆ ಪ್ಲಗಿನ್ನಿನ ಫೋಲ್ಡರ್ ಹೆಸರು ಬದಲಾಯಿಸಿ, ಅದು ಆಫ್ ಆಗತ್ತೆ.

ಇನ್ನು ಮೇಂಟೆನೆನ್ಸ್ ಅಂತ ತೋರಿಸ್ತಾ ಸೈಟ್ ನಿಂತೇಬಿಟ್ರೆ ಗಾಬರಿ ಬೇಡ, ಅಪ್‌ಡೇಟ್ ಅರ್ಧಕ್ಕೆ ನಿಂತಿದೆ ಅಷ್ಟೇ. ಸೈಟಿನ ಮುಖ್ಯ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗೋ ಮೇಂಟೆನೆನ್ಸ್ (.maintenance) ಅನ್ನೋ ಫೈಲ್ ಇರತ್ತೆ, ಹಿಡನ್ ಫೈಲ್ಸ್ ತೋರಿಸು ಅಂತ ಆನ್ ಮಾಡಿದ್ರೇ ಕಾಣೋದು, ಅದನ್ನ ಡಿಲೀಟ್ ಮಾಡಿ, ಅಪ್‌ಡೇಟ್ ಇನ್ನೊಂದ್ಸಲ ಒತ್ತಿ.