ಟ್ರೈಲರ್ ಎಳೆದುಕೊಂಡು ಘಟ್ಟ ಇಳಿಯುವಾಗ ರೋಡ್‌ಸೈಡ್ ಅಸಿಸ್ಟೆನ್ಸ್ ಎಷ್ಟು ನೆಚ್ಚಬಹುದು?

ಜೀಪಿನ ವಿಮೆ ಪಾಲಿಸಿಗೆ ರೋಡ್‌ಸೈಡ್ ಅಸಿಸ್ಟೆನ್ಸ್ (ದಾರಿಯಲ್ಲಿ ಗಾಡಿ ಕೆಟ್ಟರೆ ಸಿಗುವ ನೆರವು) ಸೇರಿಸಿದ್ದರೆ ಹಿಂದೆ ಎಳೆಯುವ ಕ್ಯಾರವಾನ್ ಟ್ರೈಲರ್‌ಗೂ ಅದೇ ಸಾಕು ಅಂದುಕೊಂಡು ಹಾಸನ ಬಿಡಬೇಡಿ. ಕಾನೂನಿನ ಪ್ರಕಾರ ಟ್ರೈಲರ್ ಬೇರೆಯೇ ವಾಹನ, ಅದರ ನೋಂದಣಿಯೂ ಬೇರೆ. ಸಾಮಾನ್ಯವಾಗಿ ಸೇವೆ ಸಿಗುವುದು ಪಾಲಿಸಿಯಲ್ಲಿ ನಂಬರ್ ಇರುವ ಗಾಡಿಗೆ ಮಾತ್ರ. ಜೀಪ್ ಕೆಟ್ಟರೆ ಫ್ಲಾಟ್‌ಬೆಡ್ (ಗಾಡಿಯನ್ನು ಪೂರ್ತಿ ಮೇಲೆ ಹೇರಿಕೊಳ್ಳುವ ಲಾರಿ) ಬಂದು ಅದನ್ನು ಹೇರಿಕೊಂಡು ಹೋಗುತ್ತದೆ. ಟ್ರೈಲರ್ ಮಾತ್ರ ಶಿರಾಡಿಯ ತಿರುವಿನಲ್ಲೇ ಉಳಿದುಬಿಡುತ್ತದೆ.

ಹಾಗಾಗಿ ಹೊರಡುವ ಮೊದಲೇ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ: ಟ್ರೈಲರ್ ಪಂಕ್ಚರ್ ಆದರೆ ಬರುತ್ತೀರಾ? ಎರಡನ್ನೂ ಒಯ್ಯಲು ಎರಡು ಗಾಡಿ ಕಳಿಸುತ್ತೀರಾ? ಉಚಿತವಾಗಿ ಒಯ್ಯುವ ಕಿಲೋಮೀಟರ್ ಎಲ್ಲಿಂದ ಲೆಕ್ಕ? ಎಸ್ಟೇಟ್ ಒಳಗಿನ ಮಣ್ಣಿನ ದಾರಿಗೂ ಬರುತ್ತೀರಾ? ಫೋನಿನಲ್ಲಿ 'ಆಗುತ್ತೆ ಸರ್' ಅಂದದ್ದು ಕ್ಲೇಮ್ ವೇಳೆಗೆ ಲೆಕ್ಕಕ್ಕೆ ಬರುವುದಿಲ್ಲ. ಸಕಲೇಶಪುರ, ಮೂಡಿಗೆರೆಯ ಕ್ರೇನ್‌ನವರ ನಂಬರ್‌ಗಳನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಘಟ್ಟದ ಎಷ್ಟೋ ಕಡೆ ಸಿಗ್ನಲ್ ಇಲ್ಲ, ಬೇರೆಯವರ ಫೋನಿನಿಂದ ಮಾತಾಡಬೇಕಾಗಬಹುದು.

ಟ್ರೈಲರ್‌ನಲ್ಲಿ ಹೆಚ್ಚಾಗಿ ಕೈಕೊಡುವುದು ಟೈರ್ ಮತ್ತು ವೀಲ್ ಬೇರಿಂಗ್. ಜೀಪಿನ ಸ್ಟೆಪ್ನಿ ಅದಕ್ಕೆ ಹೊಂದುವುದು ಅಪರೂಪ, ಹಾಗಾಗಿ ಅದೇ ಅಳತೆಯ ಇನ್ನೊಂದು ಟೈರ್, ನಟ್‌ಗೆ ಸರಿಯಾದ ಸ್ಪ್ಯಾನರ್, ಬಾಟಲ್ ಜಾಕ್, ಒಂದಡಿ ಚದರದ ದಪ್ಪ ಹಲಗೆ ಇರಲಿ. ಮಳೆಗಾಲದಲ್ಲಿ ರಸ್ತೆಯಂಚಿನ ಮಣ್ಣಿನಲ್ಲಿ ಹಲಗೆಯಿಲ್ಲದೆ ಜಾಕ್ ಕೊಟ್ಟರೆ ಗಾಡಿ ಮೇಲೇಳುವ ಬದಲು ಜಾಕೇ ಕೆಳಗಿಳಿಯುತ್ತದೆ. ಟೈರ್ ಯಾವಾಗ ತಯಾರಾಯಿತೆಂದು ಅದರ ಬದಿಯಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ನೋಡಿ: 2319 ಅಂದರೆ 2019ರ 23ನೇ ವಾರದ್ದು. ನಿಂತಲ್ಲೇ ನಿಂತ ಟೈರ್ ಸವೆಯದಿದ್ದರೂ ಬಿರುಕು ಬಿಡುತ್ತದೆ. ಶಿರಾಡಿ ಘಟ್ಟದ ಬುಡದ ಗುಂಡ್ಯದಲ್ಲಿ ನಿಲ್ಲಿಸಿ ಟ್ರೈಲರ್‌ನ ಎರಡೂ ಹಬ್‌ಗಳ (ಚಕ್ರದ ನಡುಭಾಗ) ಹತ್ತಿರ ಹಿಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಕಡೆ ಹೆಚ್ಚು ಬಿಸಿ ಅನಿಸಿದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ. ಅದೇ ಸ್ಥಿತಿಯಲ್ಲಿ ಮುಂದೆ ಹೋದರೆ ಚಕ್ರವೇ ಕಳಚಬಹುದು.

ಘಟ್ಟದಲ್ಲೇ ಕೆಟ್ಟರೆ ಹಜಾರ್ಡ್ ಲೈಟ್ ಹಾಕಿ, ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಗಾಡಿಯ ಬೆನ್ನಿಗಲ್ಲ, ತಿರುವಿನ ಆಚೆಗೆ ಇಡಿ. ಮೇಲಿಂದ ಇಳಿಯುವ ಲಾರಿಗೆ ಬ್ರೇಕ್ ಹಿಡಿಯಲು ಜಾಗ ಬೇಕು. ಕಾಲ್ ಸೆಂಟರ್‌ನವರಿಗೆ 'ಚಾರ್ಮಾಡಿ ಹತ್ತಿರ' ಅಂದರೆ ಏನೂ ತಿಳಿಯುವುದಿಲ್ಲ. ಕಿಲೋಮೀಟರ್ ಕಲ್ಲಿನ ಸಂಖ್ಯೆ, ಕೊಟ್ಟಿಗೆಹಾರದ ಕಡೆಯೋ ಉಜಿರೆ ಕಡೆಯೋ, ಜೀಪ್-ಟ್ರೈಲರ್ ಜೋಡಿಯ ಒಟ್ಟು ಉದ್ದ, ಜೀಪ್ ಫೋರ್ ವೀಲ್ ಡ್ರೈವ್ ಹೌದೋ ಅಲ್ಲವೋ ಹೇಳಿ. ಫೋರ್ ವೀಲ್ ಡ್ರೈವ್ ಆದರೆ ಎರಡು ಚಕ್ರ ಎತ್ತಿ ಎಳೆಯುವ ಗಾಡಿ ಬೇಡ, ಫ್ಲಾಟ್‌ಬೆಡ್ಡೇ ಬೇಕು ಅಂತ ಒತ್ತಿ ಹೇಳಿ. ಹೆದ್ದಾರಿಯ ಸಹಾಯವಾಣಿ 1033, ಪೊಲೀಸರು ಬೇಕಾದರೆ 112.

ಟ್ರೈಲರ್ ಬಿಡಿಸುವಾಗ ಅವಸರ ಬೇಡ. ಮೊದಲು ಇಳಿಜಾರಿನ ಕಡೆಯಿಂದ ಎರಡೂ ಚಕ್ರಕ್ಕೆ ಮರದ ತುಂಡು ಕೊಡಿ. ಪಾರ್ಕಿಂಗ್ ಬ್ರೇಕ್ ಇದ್ದರೆ ಎಳೆಯಿರಿ, ಮುಂದಿನ ಪುಟ್ಟ ಚಕ್ರ ಇಳಿಸಿ, ಲೈಟಿನ ಪ್ಲಗ್ ತೆಗೆಯಿರಿ, ಜೀಪಿಗೆ ಜೋಡಿಸಿದ ಕಪ್ಲಿಂಗ್ ಎತ್ತಿ. ಟ್ರೈಲರ್ ಅಲ್ಲಾಡದೆ ನಿಂತಿದೆ ಅಂತ ಖಾತ್ರಿಯಾದ ಮೇಲಷ್ಟೇ ಜೀಪಿಗೆ ಕಟ್ಟಿದ ಸುರಕ್ಷತಾ ಸರಪಳಿ ಬಿಚ್ಚಿ.