ಘಾನಾದ ಪಾಸ್ಟರ್‌ಗಳ ಜೊತೆ ಸತ್ಯವೇದ ಓದುವುದು: ನನ್ನ ಅನುಭವ

ನಾನು ಮಂಗಳೂರಿನ ಕಡೆಯ ಸಭಾಪಾಲಕ. ಕೆಲವು ವರ್ಷಗಳಿಂದ ರಜೆ ಹೊಂದಿಸಿಕೊಂಡು ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಹೋಗಿ ಬರುತ್ತಿದ್ದೇನೆ. ಅಲ್ಲಿನ ಹಳ್ಳಿ ಪಾಸ್ಟರ್‌ಗಳ ಜೊತೆ ಕೂತು, ಸತ್ಯವೇದವನ್ನು, ಅಂದರೆ ಬೈಬಲನ್ನು, ಹೇಗೆ ಓದಿದರೆ ಅದರ ಅರ್ಥ ಸಿಗುತ್ತದೆ ಅಂತ ಕಲಿಸುವುದು ನನ್ನ ಕೆಲಸ. "ಅಯ್ಯನವರೇ, ಅಷ್ಟು ದೂರ ಹೋಗಿ ಏನು ಮಾಡುತ್ತೀರಿ?" ಅಂತ ನಮ್ಮ ಸಭೆಯ ಹುಡುಗರು ಕೇಳುತ್ತಲೇ ಇರುತ್ತಾರೆ. ಅವರಲ್ಲಿ ಇಬ್ಬರಿಗೆ ತಾವೂ ಹೋಗಬೇಕು ಅಂತ ಆಸೆ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಘಾನಾನೇ ಯಾಕೆ? ನಮಗೂ ಅವರಿಗೂ ಹಳೆಯ ನಂಟಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮಿಷನರಿಗಳು ಮಂಗಳೂರಿಗೆ ಬಂದರಲ್ಲ, ಅವರನ್ನು ಕಳಿಸಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1828ರಲ್ಲೇ ಘಾನಾದ ಕರಾವಳಿಗೆ ಜನರನ್ನು ಕಳಿಸಿತ್ತು. ಮೊದಲು ಹೋದವರಲ್ಲಿ ಹೆಚ್ಚಿನವರು ಜ್ವರ ಬಂದು ತೀರಿಕೊಂಡರು. 1835ರಲ್ಲಿ ಅದೇ ಮಿಷನಿನ ಆಂಡ್ರಿಯಾಸ್ ರೀಸ್ ಕರಾವಳಿ ಬಿಟ್ಟು ಅಕ್ರೋಪಾಂಗ್ ಗುಡ್ಡಕ್ಕೆ ಹೋದ ಮೇಲೆ ಕೆಲಸ ಬೇರುಬಿಟ್ಟಿತು. ನಮ್ಮ ಮಂಗಳೂರಿನ ಬಲ್ಮಠದಲ್ಲಿ ಬೋಧಕರನ್ನು ತಯಾರು ಮಾಡುವ ಸೆಮಿನರಿ ಶುರುವಾದದ್ದು 1847ರಲ್ಲಿ, ಅಕ್ರೋಪಾಂಗಿನಲ್ಲಿ 1848ರಲ್ಲಿ. ಆ ಕಡೆ ಎಲ್ಲಿ ನೋಡಿದರೂ ಕೋಕೋ ಗಿಡ. ನಮ್ಮೂರಲ್ಲೂ ಅಡಿಕೆ ತೋಟದ ನಡುವೆ ಕೋಕೋ ಬೆಳೆದು ಪುತ್ತೂರಿನ ಕ್ಯಾಂಪ್ಕೋಗೆ ಕೊಡುತ್ತೇವೆ ಅಂತ ಹೇಳಿದ ದಿನ ನಾನು ಅವರಿಗೆ ಹೊರಗಿನವನಾಗಿ ಉಳಿಯಲಿಲ್ಲ. ಕಾಯಿ ಒಡೆದ ಮೇಲೆ ಬೀಜವನ್ನು ನೀವು ಎಷ್ಟು ದಿನ ಹುಳಿ ಬರಿಸುತ್ತೀರಿ ಅಂತ ಊಟದ ಹೊತ್ತಿಗೆಲ್ಲ ಅದೇ ಮಾತು.

ಆದರೆ ನನ್ನ ತರಗತಿಗೆ ಬರುವವರು ಆ ಹಳೆಯ ಸಭೆಗಳವರಲ್ಲ. ಅಲ್ಲಿನ ಬೋಧಕರಿಗೆ ಒಳ್ಳೆಯ ಸೆಮಿನರಿಗಳಿವೆ. ಬರುವವರು ಸಣ್ಣ ಸಣ್ಣ ಸ್ವತಂತ್ರ ಸಭೆಗಳ ಪಾಸ್ಟರ್‌ಗಳು. ವಾರವೆಲ್ಲ ತೋಟ, ಟೈಲರಿಂಗ್, ಡ್ರೈವಿಂಗ್. ಭಾನುವಾರ ಸಭೆಯಲ್ಲಿ ಪ್ರಸಂಗ, ಅಂದರೆ ಉಪದೇಶ. ಕಲಿಯಬೇಕು ಅಂತ ಹಸಿವಿದೆ, ವರ್ಷಗಟ್ಟಲೆ ಊರು ಬಿಟ್ಟು ಓದಲು ಆಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಫ್ರಿಕಾದವರಿಗೆ ನಾವು ಹೋಗಿ ಕಲಿಸುತ್ತೇವೆ ಅನ್ನುವ ಗತ್ತು ಯಾರಿಗೂ ಬೇಡ. ಸತ್ಯವೇದವನ್ನು ಅರ್ಥ ಮಾಡಿಕೊಳ್ಳಲು ನಿಯಮಗಳು ಬೇಕು ಅಂತ ಲ್ಯಾಟಿನ್‌ನಲ್ಲಿ ಮೊದಲು ಕೂತು ಬರೆದವನು ಉತ್ತರ ಆಫ್ರಿಕಾದ ಟೈಕೋನಿಯಸ್, ನಾಲ್ಕನೇ ಶತಮಾನದಲ್ಲಿ. ಅವನ ಏಳು ನಿಯಮಗಳನ್ನು ಅಗಸ್ಟೀನ್ ತನ್ನ ಬರಹದಲ್ಲಿ ಎತ್ತಿ ವಿವರಿಸಿದ. ಅಗಸ್ಟೀನ್ ಬಿಷಪ್ ಆಗಿದ್ದ ಹಿಪ್ಪೋ ಇವತ್ತಿನ ಅಲ್ಜೀರಿಯಾದಲ್ಲಿದೆ. ಮೊದಲ ದಿನದ ಮೊದಲ ಪಾಠದಲ್ಲೇ ನಾನು ಇದನ್ನು ಹೇಳುತ್ತೇನೆ. ಈ ವಿದ್ಯೆ ಅವರ ಖಂಡದ್ದೇ ಅಂತ ಗೊತ್ತಾದರೆ ಕೂರುವ ರೀತಿಯೇ ಬದಲಾಗುತ್ತದೆ.

ಹೊರಡುವ ಮುಂಚಿನ ವಿಷಯ ಬೇಗ ಮುಗಿಸುತ್ತೇನೆ. ಹಳದಿ ಜ್ವರದ ಲಸಿಕೆ ಕಡ್ಡಾಯ. ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಬೇಕು. ಆ ಕಾರ್ಡ್ ಹೋಗುವಾಗಲೂ ಬೇಕು, ಬರುವಾಗಲೂ ಬೇಕು. ಇಲ್ಲದಿದ್ದರೆ ವಾಪಸ್ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನ್‌ಗೆ ಹಾಕುತ್ತಾರೆ. ಮಲೇರಿಯಾ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟು ದಿನವೂ ನುಂಗಿ, ಊರಿಗೆ ಬಂದ ಮೇಲೆ ನಿಲ್ಲಿಸಿಬಿಡಬೇಡಿ. ಕಾಲ ನೋಡಿ ಹೋಗಿ. ಅಕ್ಟೋಬರ್‌ನಿಂದ ಕೋಕೋ ಕೊಯ್ಲು ಜೋರು, ಯಾರೂ ಸಿಗುವುದಿಲ್ಲ. ಮೇ, ಜೂನ್ ಅಂದರೆ ಮಳೆ, ಹಳ್ಳಿ ದಾರಿ ಕೆಸರು. ನನಗೆ ಆಗಸ್ಟ್ ಸರಿಹೋಗುತ್ತದೆ. ಕರೆಂಟ್ ನಂಬಬೇಡಿ. ಪ್ರೊಜೆಕ್ಟರ್ ಬಿಟ್ಟು ಚಾರ್ಟ್ ಹಾಳೆ, ದಪ್ಪ ಪೆನ್ನು ಒಯ್ಯಿರಿ. ಏನೇ ಕೊಡುವುದಿದ್ದರೂ ಬಲಗೈಯಲ್ಲೇ ಕೊಡಿ. ಈ ವಿಷಯದಲ್ಲಿ ಅವರೂ ನಮ್ಮ ಹಾಗೇ.

ಈಗ ಪಾಠಕ್ಕೆ ಬರೋಣ. ನಾನು ನನ್ನ ವ್ಯಾಖ್ಯಾನ ಹೇಳುವುದಿಲ್ಲ. ಒಂದು ಅಧ್ಯಾಯವನ್ನು ವಚನದ ನಂಬರ್ ತೆಗೆದು, ತಲೆಬರಹ ತೆಗೆದು, ಸುತ್ತ ಅಗಲ ಜಾಗ ಬಿಟ್ಟು ಪ್ರಿಂಟ್ ಮಾಡಿಸಿ ಕೈಗೆ ಕೊಡುತ್ತೇನೆ. ಇಂಗ್ಲಿಷ್ ಒಂದು, ಅಲ್ಲಿನವರ ಟ್ವಿ ಭಾಷೆಯದ್ದು ಒಂದು. ನಂಬರ್ ಇದ್ದರೆ ಕಣ್ಣು ನೇರ ಬಾಯಿಪಾಠದ ವಾಕ್ಯಕ್ಕೇ ಹೋಗುತ್ತದೆ. ಹೊಸ ಒಡಂಬಡಿಕೆಯಲ್ಲಿ ನಾವು ಇವತ್ತು ನೋಡುವ ವಚನದ ನಂಬರ್‌ಗಳು ಬಂದದ್ದೇ 1551ರಲ್ಲಿ, ಪ್ಯಾರಿಸ್‌ನ ಮುದ್ರಕ ರಾಬರ್ಟ್ ಎಸ್ಟಿಯೆನ್ ಹಾಕಿದ್ದು. ಅಪೊಸ್ತಲ ಪೌಲ ಸಭೆಗಳಿಗೆ ಬರೆದದ್ದು ಕಾಗದ, ಮೊದಲಿಂದ ಕೊನೆವರೆಗೆ ಓದಲಿ ಅಂತ. ಹಾಳೆ ಕೊಟ್ಟ ಮೇಲೆ ಕೇಳುವುದು ಇಷ್ಟೇ. ಯಾರು ಮಾತಾಡುತ್ತಿದ್ದಾರೆ? ಯಾರಿಗೆ? ಇದಕ್ಕೆ ಮುಂಚೆ ಏನಾಗಿತ್ತು? ಯಾವ ಮಾತು ಮತ್ತೆ ಮತ್ತೆ ಬರುತ್ತಿದೆ? ಒಂದು ಗಂಟೆ ಯಾರೂ "ಇದರಿಂದ ನಮಗೇನು ಪಾಠ" ಅನ್ನಬಾರದು. ಪ್ರಸಂಗ ಮಾಡಿ ಅಭ್ಯಾಸವಾದವರಿಗೆ ಇದು ಬಹಳ ಕಷ್ಟ.

ಸತ್ಯವೇದದ 105ನೇ ಕೀರ್ತನೆ ಓದಿದ ದಿನ ನನಗೆ ಚೆನ್ನಾಗಿ ನೆನಪಿದೆ. ದೇವರು ಅಭಿಷೇಕಿಸಿದವರನ್ನು ಮುಟ್ಟಬೇಡಿ, ಪ್ರವಾದಿಗಳಿಗೆ ಕೇಡು ಮಾಡಬೇಡಿ ಅನ್ನುವ ಮಾತು ಅದರಲ್ಲಿದೆ. ಪಾಸ್ಟರನ್ನು ಯಾರೂ ಪ್ರಶ್ನಿಸಬಾರದು ಅನ್ನುವುದಕ್ಕೆ ಅಲ್ಲಿ ಈ ವಾಕ್ಯವನ್ನು ಎತ್ತುವುದು ಜಾಸ್ತಿ. ನಮ್ಮಲ್ಲೂ ಕೇಳಿದ್ದೇವೆ, ಅಲ್ವಾ? ಸಭೆಯ ಹಣದ ಲೆಕ್ಕ ಕೇಳಿದ ಹಿರಿಯರ ಬಾಯಿ ಮುಚ್ಚಿಸಲು ಇದೇ ಸಾಕು. ಹಾಳೆ ಹಂಚಿ ಸುಮ್ಮನೆ ಕೂತೆ. ಟೈಲರ್ ಕೆಲಸ ಮಾಡುವ ಒಬ್ಬರು ಪೆನ್ಸಿಲ್‌ನಿಂದ ಮೇಲಕ್ಕೆ ಗೆರೆ ಎಳೆಯುತ್ತಾ ಹೋದರು. ಅಭಿಷಿಕ್ತರು ಅಂದರೆ ಇಲ್ಲಿ ಯಾರು? ಅಬ್ರಹಾಮ, ಇಸಾಕ, ಯಾಕೋಬ. ಎಷ್ಟು ಜನ? ಕೆಲವೇ ಜನ, ಪರದೇಶಿಗಳು, ಊರೂರು ಅಲೆಯುವವರು. ಗದರಿಸಿದ್ದು ಯಾರನ್ನು? ಅರಸರನ್ನು. ಅಂದರೆ ಇದು ಬಲ ಇಲ್ಲದವರನ್ನು ಅಧಿಕಾರದವರ ಕೈಯಿಂದ ಕಾಪಾಡಿದ ಕಥೆ. ಅಷ್ಟಕ್ಕೇ ನಿಲ್ಲಲಿಲ್ಲ ಅವರು. ಯಾವ ಅರಸ ಅಂತ ಹುಡುಕಿ ಆದಿಕಾಂಡ 20ನೇ ಅಧ್ಯಾಯ ತೆಗೆದರು. ಅಬ್ರಹಾಮ ಹೆಂಡತಿಯನ್ನು ತಂಗಿ ಅಂದಿದ್ದ. ಅರಸ ಅಬೀಮೆಲೆಕ ಅವನನ್ನು ಕರೆಸಿ, ನೀನು ನಮಗೆ ಹೀಗೆ ಮಾಡಿದ್ದು ಸರಿಯೇ ಅಂತ ಮುಖಕ್ಕೇ ಕೇಳುತ್ತಾನೆ. ಅಬ್ರಹಾಮ ಉತ್ತರ ಕೊಡುತ್ತಾನೆ. ದೇವರು ಅಬ್ರಹಾಮನನ್ನು ಪ್ರವಾದಿ ಅಂತ ಕರೆದದ್ದೂ ಅದೇ ಅಧ್ಯಾಯದಲ್ಲಿ. "ಹಾಗಾದರೆ ಪ್ರವಾದಿಯನ್ನೂ ಲೆಕ್ಕ ಕೇಳಬಹುದು" ಅಂದರು ಟೈಲರ್ ಪಾಸ್ಟರ್. ಕೋಣೆಯಲ್ಲಿ ಒಮ್ಮೆಲೇ ಗಲಾಟೆ ಎದ್ದಿತು. ಇಬ್ಬರು ಒಪ್ಪಲೇ ಇಲ್ಲ, ಸಂಜೆವರೆಗೂ ವಾದ. ನಾನು ನಡುವೆ ಬಾಯಿ ಹಾಕಲಿಲ್ಲ. ನಾನು ಹೇಳಿದ್ದರೆ ಅದು ಇಂಡಿಯಾದವನ ಅಭಿಪ್ರಾಯವಾಗಿ ಉಳಿಯುತ್ತಿತ್ತು. ಅವರ ಪೈಕಿಯವರೇ ಹಾಳೆಯಲ್ಲಿ ತೋರಿಸಿದ್ದನ್ನು ತಳ್ಳಿಹಾಕುವುದು ಸುಲಭವಲ್ಲ.

ನಾನು ಅಲ್ಲಿ ಕಲಿತದ್ದೂ ಬಹಳ. ಟ್ವಿ ಮಾತಾಡುವ ಅಕಾನ್ ಜನರ ಊರಿನ ಮುಖ್ಯಸ್ಥ ದರ್ಬಾರಿನಲ್ಲಿ ಜನರೊಂದಿಗೆ ನೇರ ಮಾತಾಡುವುದಿಲ್ಲ. ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಇರುತ್ತಾನೆ, ಅವನನ್ನು ಒಕ್ಯಾಮೆ ಅನ್ನುತ್ತಾರೆ. ಮುಖ್ಯಸ್ಥನ ಮಾತು ಅವನ ಬಾಯಿಂದಲೇ ಜನರಿಗೆ, ಜನರ ಮಾತು ಅವನ ಮೂಲಕವೇ ಮುಖ್ಯಸ್ಥನಿಗೆ. ವಿಮೋಚನಕಾಂಡ 7ರಲ್ಲಿ ಮೋಶೆ ಫರೋಹನಿಗೆ ದೇವರ ಹಾಗೆ ಇರುತ್ತಾನೆ, ಆರೋನ ಅವನ ಪ್ರವಾದಿ ಅಂತ ಇದೆಯಲ್ಲ, ನಾನು ಪುಸ್ತಕಗಳಿಂದ ಕಷ್ಟಪಟ್ಟು ವಿವರಿಸಲು ಹೊರಟಾಗ ಹಿಂದಿನ ಬೆಂಚಿನ ವಯಸ್ಸಾದ ಪಾಸ್ಟರ್ ಎದ್ದು, "ಆರೋನ ಒಕ್ಯಾಮೆ" ಅಂದರು. ಎಲ್ಲರಿಗೂ ಅರ್ಥವಾಯಿತು, ನನಗೂ. ಒಕ್ಯಾಮೆ ಮಾತನ್ನು ಚಂದ ಮಾಡಿ ಹೇಳಬಹುದು, ತನ್ನದೇ ಮಾತನ್ನು ಮುಖ್ಯಸ್ಥನ ಮಾತು ಅಂತ ದಾಟಿಸುವಂತಿಲ್ಲ ಅಂತಲೂ ಅವರೇ ಹೇಳಿದರು. ಸುಳ್ಳು ಪ್ರವಾದಿಗಳ ಬಗ್ಗೆ ನಾನು ತಯಾರಿ ಮಾಡಿಕೊಂಡು ಹೋಗಿದ್ದ ಪಾಠದ ಅರ್ಧ ಅಲ್ಲೇ ಮುಗಿಯಿತು.

ಯೆರೆಮೀಯ 29:11 ಅನ್ನು ನಾನು ಯಾವಾಗಲೂ 28ನೇ ಅಧ್ಯಾಯದ ಜೊತೆಗೇ ಓದಿಸುತ್ತೇನೆ. ನಿಮಗೆ ಒಳ್ಳೆಯ ನಿರೀಕ್ಷೆ ಇದೆ ಅನ್ನುವ ಆ ವಾಕ್ಯ ಎಲ್ಲರಿಗೂ ಪ್ರಿಯ. ಹನನ್ಯ ಅನ್ನುವ ಸುಳ್ಳು ಪ್ರವಾದಿ ಬಾಬೆಲಿನ ಸೆರೆಯಿಂದ ಎರಡೇ ವರ್ಷದಲ್ಲಿ ಬಿಡುಗಡೆ ಅಂದ. ಯೆರೆಮೀಯ 70 ವರ್ಷ ಅಂದ, ಬಾಬೆಲಿನಲ್ಲೇ ಮನೆ ಕಟ್ಟಿ, ತೋಟ ಮಾಡಿ ಅಂತ ಬರೆದ. ಈ ವರ್ಷವೇ ಕಾರು, ಈ ವರ್ಷವೇ ವೀಸಾ ಅಂತ ಆಶೀರ್ವಾದ ಹಂಚುವ ಪ್ರಸಂಗಗಳನ್ನು ಕೇಳಿ ಬೆಳೆದ ಯುವಕರು ಈ ಎರಡು ಅಧ್ಯಾಯ ಓದಿ ತುಂಬ ಹೊತ್ತು ಸುಮ್ಮನಾಗುತ್ತಾರೆ. ಬಡ ತಾಯಂದಿರ ಕೈಯಿಂದ ಕೊನೆಯ ಸೆಡಿಯನ್ನೂ (ಸೆಡಿ ಅಂದರೆ ಘಾನಾದ ಹಣ) ಕಾಣಿಕೆಯಾಗಿ ಹಾಕಿಸಿಕೊಳ್ಳುವ ಬೋಧನೆ ನನಗೆ ಸಿಟ್ಟು ತರಿಸುತ್ತದೆ. ಆದರೆ ಅದನ್ನು ಬೈದು ಪ್ರಯೋಜನವಿಲ್ಲ. ಮಲಾಕಿಯ 3ರ ದಶಮಾಂಶದ (ದೇವರಿಗೆ ಕೊಡುವ ಹತ್ತನೇ ಒಂದು ಪಾಲು) ಪಕ್ಕದಲ್ಲಿ ಧರ್ಮೋಪದೇಶಕಾಂಡ 14 ಇಟ್ಟು, ಮೂರನೇ ವರ್ಷದ ದಶಮಾಂಶ ಯಾರ ಹೊಟ್ಟೆಗೆ ಹೋಗಬೇಕಿತ್ತು ಅಂತ ಕೇಳಿದರೆ ಸಾಕು. ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಅಂತ ಅವರೇ ಓದಿ ಹೇಳುತ್ತಾರೆ.

ಹೋಗುವವರಿಗೆ ಇನ್ನೆರಡು ಮಾತು. ಟ್ವಿಗೆ ಅನುವಾದ ಆಗುತ್ತಾ ಪಾಠ ನಡೆಯುವುದರಿಂದ ಅರ್ಧ ಸಮಯ ಅಲ್ಲೇ ಹೋಗುತ್ತದೆ, ಹಾಡಿಗೂ ಹೊತ್ತು ಬೇಕು. ಹಾಗಾಗಿ ವಿಷಯ ಕಡಿಮೆ ಇಟ್ಟುಕೊಳ್ಳಿ. ಅನುವಾದಕನ ಜೊತೆ ಹಿಂದಿನ ರಾತ್ರಿ ಕೂತು ಪೂರ್ತಿ ಅಧ್ಯಾಯ ಓದಿ. ಬಂದವರಿಗೆ ಹಾಜರಿ ದುಡ್ಡು ಕೊಡಬೇಡಿ. ಊಟವನ್ನು ಊರಿನ ಸಭೆಯೇ ಮಾಡಲಿ, ಟಿಕೆಟ್ ನಿಮ್ಮದು. ದುಡ್ಡಿಗೆ ಬರುವವರು ದುಡ್ಡು ನಿಂತ ದಿನ ನಿಲ್ಲುತ್ತಾರೆ.

ತರಗತಿ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಸುತ್ತಿನ ಕೆಲವು ಪಾಸ್ಟರ್‌ಗಳನ್ನು ಸೇರಿಸಿ ಅದೇ ಹಾಳೆಯಿಂದ ಓದಿಸಬೇಕು ಅಂತ ಒಪ್ಪಂದ. ಏನು ಪ್ರಶ್ನೆ ಬಂತು ಅಂತ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಈಗ ಎರಡು ಕಡೆ ಪಾಠವನ್ನು ಪೂರ್ತಿ ಟ್ವಿಯಲ್ಲೇ ಅಲ್ಲಿನವರೇ ನಡೆಸುತ್ತಿದ್ದಾರೆ. ಅದರಲ್ಲಿ ಒಂದರ ಜವಾಬ್ದಾರಿ ಆ ಟೈಲರ್ ಪಾಸ್ಟರ್‌ದು. ಮುಂದಿನ ಸಲ ಆಮೋಸನ ಪುಸ್ತಕ ಬೇಕು ಅಂದಿದ್ದಾರೆ, ಮೊದಲ ಎರಡು ಅಧ್ಯಾಯ ತಾವೇ ತೆಗೆದುಕೊಳ್ಳುತ್ತಾರಂತೆ. ಉಳಿದದ್ದಕ್ಕೆ ಹಾಳೆ ತಯಾರಿಸುವುದು ನನ್ನ ಪಾಲು.